ಒಂದು ಚುಕ್ಕೆ ಹೆಚ್ಚು

ಗುಡಿಬಂಡೆಯಿಂದ ಏಳು ಮೈಲಿ, ಬಸ್ಸು ತಿರುಗಿಕೊಳ್ಳುವ ಊರು.
ಪಂಚಾಯ್ತಿಗೆ ಹನ್ನೊಂದು ಮೆಂಬರು,
ನಾನು ಹೋದ ದಿನ ಕುರ್ಚಿ ಹತ್ತೇ.
"ಒಂದರ ಕಾಲು ಮುರಿದಿದೆ, ರಿಪೇರಿಗೆ ಹೋಗಿದೆ"
ಅಂದ ಬಿಲ್ ಕಲೆಕ್ಟರ್, ಗೋಡೆ ನೋಡುತ್ತ.
ಎಂಟು ತಿಂಗಳಾಯಿತು.
ಯಾವ ಆಸ್ಪತ್ರೆಗೆ ಸೇರಿಸಿದ್ದಾರೋ.

ಹೊಸಿಲ ಪಕ್ಕ ಕೂತೆ.
ನಮ್ಮಮ್ಮ ನಾಂಚಾರಮ್ಮ ಹೀಗೇ
ಜಗಲಿಗಳ ಕೆಳಗೆ ಕೂತು ಕೂತೇ ಸೀಮೆ ಸುತ್ತಿದವಳು.
ಮೂರು ಸೂಜಿ ಸೇರಿಸಿ ಕಟ್ಟಿ,
ದೀಪದ ಮಸಿಗೆ ಸೊಪ್ಪಿನ ರಸ ಕಲಸಿ
ಒಬ್ಬಳಿಗೆ ಚೇಳು, ಒಬ್ಬಳಿಗೆ ತೊಟ್ಟಿಲು,
ಗಂಡನ ಹೆಸರು ಬಾಯಲ್ಲಿ ಹೇಳದವಳಿಗೆ
ತೋಳ ಮೇಲೆ ಅದೇ ಹೆಸರು.
ನೋವೆಂದು ಅತ್ತರೆ ಹಾಡುತ್ತಿದ್ದಳು.
ಕೂಲಿ ಅರ್ಧ ಸೇರು ರಾಗಿ;
ಮೇಲಿಂದ ಸುರಿಯೋರು ಸೆರಗಿಗೆ, ತಾಗದ ಹಾಗೆ,
ಅದೇ ಕೈ,
ಈಗಷ್ಟೇ ಅವಳ ತೊಡೆಯ ಮೇಲಿದ್ದ ಕೈ.

ಗ್ರಾಮಸಭೆಯಲ್ಲಿ ಎದ್ದು ಕೇಳಿದೆ:
ಕೆರೆ ಏರಿಯ ಹದಿನಾಲ್ಕು ಗುಡಿಸಲಿಗೆ ಒಂದು ನಲ್ಲಿ.
"ಕೊರಚರು ಇವತ್ತಿದ್ದು ನಾಳೆ ಹೋಗೋರು,
ಪೈಪು ಯಾರಿಗಮ್ಮ ಹಾಕೋದು?" ಅಶ್ವತ್ಥರೆಡ್ಡಿ.
ನಲವತ್ತು ವರ್ಷದಿಂದ ಹೋಗುತ್ತಲೇ ಇದ್ದೀವಿ ಸ್ವಾಮಿ,
ಅದೇ ಏರಿ, ಅದೇ ಹುಣಸೇಮರ.
"ನಿನ್ನ ಗಂಡನ್ನ ಕಳಿಸು, ಮಾತಾಡಣ."
ಅವನು ಬುಟ್ಟಿ ಹೆಣೀತಾವನೆ,
ಓಟು ಬಿದ್ದಿದ್ದು ನನಗೆ.

ಯಾರೋ ನಕ್ಕರು. ಯಾರೋ ಕೆಮ್ಮಿದರು.
"ಒಪ್ಪೋರು ಕೈ ಎತ್ತಿ" ಅಂದರು ಪಿಡಿಒ,
ಊಟದ ಹೊತ್ತು ಮೀರಿತ್ತು ಅವರಿಗೆ.

ಗಂಡಸರ ಕಡೆ ಕೈಗಳಿಗೆ
ಜೇಬಿನಲ್ಲೇ ಕೆಲಸವಿತ್ತು.
ಹೆಂಗಸರ ಕಡೆ, ಕಂಬದ ಮರೆಯಲ್ಲಿ, ಒಂದು ಎದ್ದಿತು.
ಬಳೆ ಮೊಣಕೈಗೆ ಜಾರಿತು.
ತೊಟ್ಟಿಲು!
ಹಸಿರು ಮಾಸಿದ, ಚರ್ಮದ ಜೊತೆ ಸುಕ್ಕಾದ ತೊಟ್ಟಿಲು.
ಆಮೇಲೆ ಚೇಳು. ಆಮೇಲೆ ತುಳಸಿಕಟ್ಟೆ.
ತೀರಿಹೋದ ಗಂಡನ ಹೆಸರು, ಒತ್ತಕ್ಷರ ತಪ್ಪಿದ್ದು.
ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ನೋಡಿ ತಿದ್ದುತ್ತಿದ್ದಳು.

ಬರೀ ತೋಳಿನ ಹುಡುಗಿಯರು ಫೋನು ನೋಡುತ್ತಿದ್ದರು.
ಒಬ್ಬಳು ಅಜ್ಜಿಯನ್ನು ನೋಡಿ ಅರ್ಧ ಎತ್ತಿ
ತಲೆ ಕೆರೆದುಕೊಂಡಳು.

ಎಣಿಸಿದರು. ಒಂಬತ್ತು.
"ಸಾಲದು. ಮುಂದಿನ ಸಭೆಗೆ."
ನಡಾವಳಿ ಪುಸ್ತಕ ತಂದರು, ಹೆಬ್ಬೆಟ್ಟಿನ ಡಬ್ಬಿಯನ್ನೂ.
ಡಬ್ಬಿ ಪಕ್ಕಕ್ಕಿಟ್ಟು ಪೆನ್ನು ಕೇಳಿದೆ.
ಹೇಗೆ ಒತ್ತಿದೆನೋ, ಹಾಳೆ ತೂತಾಗಿ
ಕೆಳಗಿನ ಹಾಳೆಗೂ ಇಳಿಯಿತು ನನ್ನ ಹೆಸರು.

ಹೊರಗೆ ಅಕ್ಕಯಮ್ಮ ಚಪ್ಪಲಿ ಹುಡುಕುತ್ತಿದ್ದಳು.
ತೋಳು ಮುಂದೆ ಚಾಚಿದಳು:
"ಇಲ್ಲಿ ನೋಡು, ತೊಟ್ಟಿಲ ಹೊರಗೊಂದು ಚುಕ್ಕೆ.
ಬೆನ್ನಿಗೆ ಕಟ್ಟಿದ್ದ ನೀನು ಒದ್ದೆ,
ನಿಮ್ಮಮ್ಮನ ಸೂಜಿ ಜಾರಿತು.
ಬೈದಿದ್ದೆ ಆವತ್ತು."
ಚಪ್ಪಲಿ ಸಿಕ್ಕಿತು. ಒಂದು ಕಾಲಿಗೆ ಹಾಕಿಕೊಂಡು ನಿಂತಳು.
"ಆ ಚುಕ್ಕೆಯ ಸಿಟ್ಟಿಗೆ
ರಾಗಿ ಕೊಟ್ಟಿರಲಿಲ್ಲ ಕಣೆ ನಾನು."