ಡ್ರಮ್ ಟೆಸ್ಟ್

ನಾಲ್ಕು ಖಾಲಿ ಪೀಪಾಯಿ, ಕೆಂಪು ಬಿಳಿ ಪಟ್ಟೆ,
ನಡುವೆ ಒಂದು ಕಾರಿನಷ್ಟೇ ಜಾಗ.
ಮಸ್ಕತ್ತಿನಲ್ಲಿ ಲೈಸೆನ್ಸು ಬೇಕೆಂದರೆ
ಮೊದಲು ಹಿಂದಕ್ಕೆ ಹೋಗುವುದನ್ನು ಕಲಿಯಬೇಕು,
ಯಾವುದಕ್ಕೂ ತಾಗದೆ.

ನಾನು ಎರಡು ಸಲ ಫೇಲು.

ಮೊದಲ ಸಲ ಎಡಗಡೆಯ ಪೀಪಾಯಿ ಉರುಳಿತು.
ಎರಡನೇ ಸಲ ಏನೂ ಉರುಳಲಿಲ್ಲ,
ಬ್ರೇಕಿನ ಮೇಲೆ ಕಾಲು ಕಲ್ಲಾಗಿತ್ತು.
ಹಿಂದೆ ಯಾರೋ ಹಾರನ್ ಹೊಡೆದರು,
ಅದರೊಳಗೆ ಹನ್ನೊಂದು ವರ್ಷ ಕೇಳಿದ ದನಿ:
'ನಿಂಗೆ ಎಡ ಬಲ ಗೊತ್ತಾಗುದಿಲ್ಲ, ಸುಮ್ನೆ ಕೂತ್ಕೋ.'
ಕೂತಿದ್ದೆ. ಪಕ್ಕದ ಸೀಟಿನಲ್ಲಿ,
ಮಡಿಲಲ್ಲಿ ಬಿಸಿ ಟಿಫಿನ್ ಕ್ಯಾರಿಯರ್.
ತಿರುವಿನಲ್ಲಿ ಸಾರು ಚೆಲ್ಲದ ಹಾಗೆ ಹಿಡಿಯುವುದು,
ಅಷ್ಟೇ ನನ್ನ ಡ್ರೈವಿಂಗು.

ಈಗ ವಾದಿ ಕಬೀರಿನ ಒಂದು ಅಂಗಡಿಯಲ್ಲಿ
ಕಪ್ಪು ಅಬಾಯದ ತೋಳಂಚಿಗೆ
ಕಪ್ಪು ಮಣಿ ಹೊಲಿಯುತ್ತೇನೆ.
ಕಪ್ಪಿನ ಮೇಲೆ ಕಪ್ಪು. ಕಣ್ಣು ಸಾಲದು,
ಬೆರಳೇ ನೋಡಬೇಕು.
ನೂರ ನಲವತ್ತು ರಿಯಾಲಿನಲ್ಲಿ
ಮಂಚದ ಬಾಡಿಗೆ ಕಳೆದು, ಗಂಗೊಳ್ಳಿಗೆ ಕಳಿಸಿ
ಉಳಿದದ್ದು ಜವಾಹಿರ್ ಟೀಚರಿಗೆ.

ಅವಳಿಗೆ ಹಿಂದಿ ಅರ್ಧ ಬರುತ್ತದೆ,
ಮಲಯಾಳದ ಬೈಗುಳ ಪೂರ್ತಿ.
'ಶುವೈ, ಶುವೈ' ಅನ್ನುತ್ತಾಳೆ,
ಬಾವಿಯಿಂದ ಕೊಡ ಎಳೆಯುವಾಗ ಅಮ್ಮ
'ನಿಧಾನ ಹೆಣೆ' ಅಂದ ಹಾಗೆ.
'ಕನ್ನಡಿ ನೋಡು. ಕನ್ನಡಿಯಲ್ಲೇ ಇರಬೇಡ.'
ಅವಳು ಹೇಳಿದ್ದು ಕಾರಿನ ವಿಷಯ ಮಾತ್ರ.

ಊರಲ್ಲಿ ಮಗಳು ಅಪೇಕ್ಷಾ, ಎಂಟು ವರ್ಷ,
ಹಲ್ಲು ಬಿದ್ದ ಸಂದಿ ತೋರಿಸುತ್ತಾಳೆ ಫೋನಿಗೆ.
ಅವಳನ್ನು ಶಾಲೆಗೆ ಬಿಡುವುದು ಸುರೇಂದ್ರಣ್ಣ,
ಜಡೆಗೆ ರಿಬ್ಬನ್ನು ತರುವುದೂ ಅವನೇ.
ಕರಿಮಣಿ ಬಿಚ್ಚಿಟ್ಟು ನಾನು ಬಂದ ರಾತ್ರಿಯಿಂದ
ನನ್ನೊಡನೆ ಮಾತಿಲ್ಲ.
ಫೋನು ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಾನೆ.
ದೂರದಿಂದ ಕೆಮ್ಮು ಕೇಳುತ್ತದೆ.
ಮೂರು ವರ್ಷ ಆ ಕೆಮ್ಮಿನಲ್ಲೇ
ಅಣ್ಣನ ಕ್ಷೇಮಸಮಾಚಾರ ಓದಿದ್ದೇನೆ:
ಇದು ಬೀಡಿ, ಇದು ಶೀತ,
ಇದು ಬೋಟಿಗೆ ಮೀನು ಬೀಳದ ದಿನದ್ದು.

ಮೂರನೇ ಸಲ ಜುಲೈ ತಿಂಗಳು.
ಸ್ಟೇರಿಂಗು ರೊಟ್ಟಿ ಹಂಚಿನ ಹಾಗೆ.
ಎಡದ ಕನ್ನಡಿಯಲ್ಲಿ ಒಂದು ಪೀಪಾಯಿ,
ಬಲದ ಕನ್ನಡಿಯಲ್ಲಿ ಒಂದು.
ಕಪ್ಪು ಬಟ್ಟೆಯಲ್ಲಿ ಸೂಜಿ ಹೋದ ಹಾಗೆ
ನೋಡದೆಯೂ ನೋಡಿ
ಹಿಂದಕ್ಕೆ ಹೋದೆ.
ಪೊಲೀಸಪ್ಪ ಕಾಗದದ ಮೇಲೆ ಏನೋ ಗೀಚಿ
ಮುಂದಿನವಳನ್ನು ಕರೆದ.
ನನ್ನ ಬದುಕಿನ ದೊಡ್ಡ ಘಟನೆಗೆ
ಅವನಿಗೆ ಅರ್ಧ ನಿಮಿಷ.

ಇಳಿಜಾರು, ರಸ್ತೆ, ಆಮೇಲಿನ ವಾರಗಳಲ್ಲಿ ಆದವು.
ಕಾರ್ಡು ಕೈಗೆ ಬಂದ ಸಂಜೆ
ಬಸ್ಸಿನಲ್ಲೇ ವಾಪಸು ಬಂದೆ, ನಗು ತಡೆಯದೆ.

ಅಲ್ಲಿ ರಾತ್ರಿ ಎಂಟೂವರೆ.
'ಮಾವಾ, ಅಮ್ಮ ಪಾಸ್!' ಮಗಳು ಕೂಗುತ್ತ ಓಡಿದಳು,
ಫೋನಿನಲ್ಲಿ ಗೋಡೆ, ಹೆಂಚು, ಯಾರದೋ ಲುಂಗಿ,
ಮತ್ತೆ ಕತ್ತಲೆ.
ಕತ್ತಲೆ ಕೇಳಿತು:
'ಯಾವ್ ಗಾಡಿ ತಕಂತಿ?'

ಗಾಡಿಗೆ ದುಡ್ಡೆಲ್ಲಿದೆ.
'ಕಾಣ್ಕ್. ಹಳೇದ್ ಯಾವ್ದಾರೂ' ಅಂದೆ.
'ಟಯರ್ ಕಂಡ್ಕಂಡ್ ತಕೋ.'

ಆಮೇಲೆ ಇಬ್ಬರಿಗೂ ಮಾತು ಹೊಳೆಯಲಿಲ್ಲ.
ಅವನು ಫೋನು ಇಡಲಿಲ್ಲ.
ಕೆಮ್ಮಿದ.
ಹತ್ತಿರದಿಂದ.