ಹೆಬ್ಬಟ್ಟಿನ ಮನಿ

ನಾಕು ಬಟ್ಟು ಒಂದ ಚೀಲದಾಗ
ಬೆಚ್ಚಗ ಕುಂತಾವು.
ಹೆಬ್ಬಟ್ಟಿಗೆ ಬ್ಯಾರೆ ಮನಿ ಬೇಕು.

ಮೂರು ಸಲ ಹೆಣದೆ, ಮೂರು ಸಲ ಬಿಚ್ಚಿದೆ.
ಬ್ಯಾರೆ ಆದಲ್ಲೇ ತೂತು,
ಕಡ್ಲಿಕಾಳು ತೂರುವಷ್ಟು.

ಹಜರತಬಿ ಚಾಚಿ ಕಡ್ಡಿ ಕಸಗೊಂಡು ಅಂದಳು:
"ಎಣಿಸಿದಷ್ಟ ಕುಣಿಕಿ ಸಾಲಂಗಿಲ್ಲವ್ವಾ.
ಆ ಕಡಿಂದೊಂದು, ಈ ಕಡಿಂದೊಂದು
ಎರವು ತಗೋ. ಮುಂದಿನ ಸುತ್ತಿನ್ಯಾಗ
ಕೂಡಿಸಿಬಿಟ್ಟರಾತು."

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ್ಯಾಗ
ಮೈದುನ ಚನಬಸು
ಮೆಣಸಿನಕಾಯಿ ಚೀಲ ಒಟ್ಟತಾನ.
ಹೋದ ಯುಗಾದಿಗೆ ನಮ್ಮ ಅಡಿಗಿಮನಿ ಎರಡಾತು.
ಅವತ್ತಿಂದ ಮಾತಿಲ್ಲ.

ದಿನಾ ತೊಟ್ಟು ಮುರಿಯೂ ನನ್ನ ಕೈಯ ಖಾರ
ಉಣ್ಣೆಗೂ ಹತ್ತೇತಿ.
ಇದನ್ನ ಹಾಕ್ಕೊಂಡ ಕೈಲೆ ಕಣ್ಣು ಒರಸ್ಕೊಂಡರ
ಉರೀತಾವು.
ಹೇಳಿ ಕಳಿಸಬೇಕು.