ಕೆಂಪು ಚುಕ್ಕಿಯ ಖಾನೆ

ಬೋರ್ಡಿನ ಮೇಲೆ ಒಂದು ಸೊನ್ನೆ ಬರೆದೆ,
ಸೊನ್ನೆಯೊಳಗೆ ಒಂದು ಸಿ.
"ಬಳೆಯೊಳಗೆ ಸಿಕ್ಕಿಕೊಂಡ ಕೊಡೆಯ ಹಿಡಿ" ಎಂದ ಸಫ್ವಾನ್.
"ಅಲ್ಲ ಕಣೋ, ಅದು ಬೇಲಿ.
ಒಳಗೆ ಯಾರೋ ಕೆಲಸ ಮಾಡಿದ್ದಾರೆ ಅಂತ ಅರ್ಥ,
ಕೇಳದೆ ದಾಟಬಾರದು."

ಬೇಲಿ ಅಂದದ್ದೇ ತಪ್ಪಾಯಿತು.
ಮಾಲ್ದಾರೆಯ ಮಕ್ಕಳಿಗೆ ಬೇಲಿಯೆಂದರೆ ಸೋಲಾರ್ ತಂತಿ,
ತಂತಿಯ ಮೇಲೆ ಮರ ಕೆಡವಿ
ಸಲೀಸಾಗಿ ಈಚೆ ಬರುವ ಒಂಟಿ ಆನೆ.
ಪಾಠ ಹತ್ತು ನಿಮಿಷ ಅದರ ಹಿಂದೆಯೇ ಹೋಯಿತು.

ಐದು ಕಂಪ್ಯೂಟರು, ಮೂರಕ್ಕೆ ಜೀವ.
ಒಂಬತ್ತನೇ ಕ್ಲಾಸಿನ ಮೂವತ್ತೊಂದು ತಲೆ,
ಒಂದು ಮೌಸಿನ ಮೇಲೆ ನಾಲ್ಕು ಕೈ.
ಪ್ರಾಜೆಕ್ಟಿನ ಹೆಸರು 'ನಮ್ಮ ಊರು'.
ಹುಡುಕಿ ತಂದರು
ಯಾರದೋ ಕ್ಯಾಮೆರಾದ ಮಂಜು, ಯಾರದೋ ತೋಟದ ಕಾಫಿ ಹೂ,
ಎಲ್ಲಿಯದೋ ಜಲಪಾತಕ್ಕೆ ಅಬ್ಬಿ ಎಂಬ ಹೆಸರು.
ಕಿಟಕಿಯಾಚೆ ಕಾಫಿ ಬೆಳ್ಳಗೆ ಅರಳಿ ನಿಂತಿತ್ತು.
ಯಾರೂ ತಿರುಗಿ ನೋಡಲಿಲ್ಲ. ನಾನೂ.

ನಾಣಯ್ಯ ಎದ್ದು ನಿಂತ:
"ನಮ್ಮಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳೋದು
ಯಾವ ಮನೆ ಅಂತ. ಚಿತ್ರಕ್ಕೂ ಹಾಗೇನಾ ಮಿಸ್?"
ಹಾಗೇ, ಅಂದೆ.
ನನ್ನ ಅರ್ಧ ಗಂಟೆ ಅವನ ಒಂದು ಸಾಲಿನಲ್ಲಿ ಮುಗಿಯಿತು.

ಅಷ್ಟಕ್ಕೇ ಬಿಡಬಹುದಿತ್ತು ಅಮುದಾ.
"ಮೂಲೆಯಲ್ಲಿ ಏನೋ ಬರೆದಿದೆ ಮಿಸ್."
ಪರದೆಯ ಬಲ ಮೂಲೆ, ಬೂದು ಅಕ್ಷರ:
ಈ ವಿಂಡೋಸ್‌ಗೆ ಲೈಸೆನ್ಸ್ ಇಲ್ಲ.
ಮೂರು ವರ್ಷದಿಂದ ಅಲ್ಲೇ ಇತ್ತು,
ನೊಣ ಕೂತಿದೆ ಅಂದುಕೊಂಡು ಬಿಟ್ಟಿದ್ದೆ.
ಇನ್ನು ಮುಚ್ಚಿಡುವುದೇನು?
ಈ ಸ್ಲೈಡೂ ನನ್ನದಲ್ಲ ಮಕ್ಕಳೇ.
ಗದಗಿನ ಕಡೆಯ ಮೇಷ್ಟರೊಬ್ಬರು ಮಾಡಿದ್ದು.
ಕೊನೆಯ ಪುಟದ ಅವರ ಹೆಸರನ್ನು
ನಿನ್ನೆ ರಾತ್ರಿ ನಾನೇ ಅಳಿಸಿದೆ.
"ಕಂಟ್ರೋಲ್ ಝೆಡ್ ಒತ್ತಿ ಮಿಸ್!"
ಒತ್ತಿದೆ. ಒಮ್ಮೆ ಮುಚ್ಚಿ ತೆರೆದ ಫೈಲಿಗೆ
ಹಿಂದಿನದು ಯಾವುದೂ ನೆನಪಿರುವುದಿಲ್ಲ.
ಸುಣ್ಣದ ಕಡ್ಡಿಯಲ್ಲಿ ಬರೆದೆ:
ಕೃಪೆ, ಕಟ್ಟಿಮನಿ ಸರ್, ಇರಬೇಕು.
ಆ 'ಇರಬೇಕು'ವಿಗೆ ಇಡೀ ಕ್ಲಾಸು ನಕ್ಕಿತು.

ನಗದೆ ಕೂತವಳು ಹಾಡಿಯ ಮಿನಿ.
ಅವಳು ಎಲ್ಲಿಂದಲೂ ಏನನ್ನೂ ಇಳಿಸಿರಲಿಲ್ಲ.
ಮಾವನ ಫೋನಿನಲ್ಲಿ ಅಜ್ಜಿಯ ಜೋಗುಳ ಹಿಡಿದು ತಂದಿದ್ದಳು,
ನಡುವೆ ಒಂದು ಕೆಮ್ಮು, ಒಂದು ಕೋಳಿ,
ದೂರದಲ್ಲಿ ಸಿಲ್ವರ್ ಮರ ಕೊಯ್ಯುವ ಯಂತ್ರ.
ಹಾಡಿನ ಹೆಸರು ತುಂಬಿದಳು, ನಿಮಿಷ ತುಂಬಿದಳು,
'ರಚಿಸಿದವರು' ಎಂಬ ಖಾನೆಗೆ ಬಂದು ನಿಂತಳು.
ಪಕ್ಕದಲ್ಲಿ ಕೆಂಪು ಚುಕ್ಕಿ,
ಖಾಲಿ ಬಿಟ್ಟರೆ ಮುಂದೆ ಹೋಗಲಾಗದು.

ಅಜ್ಜಿ ಹೆಸರು ಹಾಕು ಅಂದೆ.
ಬೇಡ ಅಂದಿದ್ದಾಳಂತೆ ಚೋಮಿ ಅಜ್ಜಿ;
ಅವಳು ಕೇಳಿದ್ದು ಅತ್ತೆಯಿಂದ,
ಅತ್ತೆ ಕೇಳಿದ್ದು ಸೌದೆಗೆ ಹೋಗುವ ದಾರಿಯಲ್ಲಿ.
ಬರೆದವರು ತೀರಿಕೊಂಡ ಮೇಲೆ ಅರವತ್ತು ವರ್ಷ
ಎನ್ನುತ್ತದೆ ಕಾನೂನು.
ಎಣಿಕೆ ಯಾರ ಸಾವಿನಿಂದ ಶುರುಮಾಡಲಿ?
"ಹಾಗಾದರೆ ಅಜ್ಞಾತ ಅಂತ ಬರೆ."
ಒತ್ತಕ್ಷರ ಹುಡುಕಿ ಹುಡುಕಿ ಕುಟ್ಟಿದಳು,
ನೋಡಿದಳು, ಅಳಿಸಿದಳು.
"ಅಜ್ಞಾತ ಅಂದ್ರೆ ಗೊತ್ತಿಲ್ಲದವರು ಅಲ್ವಾ ಮಿಸ್?
ನಮಗೆ ಗೊತ್ತಲ್ಲ."

ನನಗೆ ಗೊತ್ತಿರಲಿಲ್ಲ.

ಮರುದಿನ ಬಂದವಳೇ ಚಪ್ಪಲಿಯನ್ನೂ ಬಿಡದೆ
ಕಂಪ್ಯೂಟರಿನ ಮುಂದೆ ಕೂತಳು.
ಅಜ್ಜಿ ತೀರ್ಪು ಕೊಟ್ಟಿದ್ದಾಳೆ:
"ಅತ್ತವರ ಹೆಸರು ಬರಿ.
ಮಗು ಅಳದಿದ್ದರೆ ಹಾಡು ಎಲ್ಲಿಂದ ಬರ್ತಿತ್ತು?"
ಎರಡೇ ಬೆರಳಲ್ಲಿ ತಮ್ಮನ ಹೆಸರು ಒತ್ತಿದಳು: ಕುಟ್ಟ.
ಕೆಂಪು ಚುಕ್ಕಿ ಒಪ್ಪಿಕೊಂಡಿತು.

ಸುದ್ದಿ ಮಧ್ಯಾಹ್ನದ ಊಟದ ಸಾಲಿನಲ್ಲಿ ಹಬ್ಬಿತು.
ಈಗ ಮೂರನೇ ಕ್ಲಾಸಿನ ಕುಟ್ಟ
ಕೈಯಲ್ಲಿ ಮೊಟ್ಟೆ ಹಿಡಿದು ನನ್ನ ಬಾಗಿಲಿಗೆ ಬಂದಿದ್ದಾನೆ,
ತಕರಾರಿದೆಯಂತೆ:
"ಮಿಸ್, ನಾನು ಅತ್ತೇ ಇಲ್ಲ."